ಹಳೆಯ ಹಾಸ್ಯ ನಾಟಕಕ್ಕೆ ಟಿಕೆಟ್ ಕೊಳ್ಳುವುದು ಹೇಗೆ: ಬೆಂಗಳೂರಿನ ಪ್ರೇಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಹಾಸ್ಯ ನಾಟಕವನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳಬೇಕು. ಕೈಲಾಸಂ ನಾಟಕದಲ್ಲಿ ಒಂದು ಮಾತು ಕಿವಿಗೆ ಬೀಳದಿದ್ದರೆ ಅದರ ಬೆನ್ನಿಗೇ ಬರುವ ಮೂರು ಮಾತಿನ ಸ್ವಾರಸ್ಯವೂ ಹೋಗುತ್ತದೆ. ಸುತ್ತಲಿನವರು ನಗುತ್ತಿರುವಾಗ ಪಕ್ಕದವರನ್ನು "ಏನಂದ್ರು?" ಎಂದು ಕೇಳುತ್ತ ಕೂರಬೇಕಾಗುತ್ತದೆ. ಹಾಗಾಗಿ ಹಾಸ್ಯ ನಾಟಕಕ್ಕೆ ಟಿಕೆಟ್ ಕೊಳ್ಳುವಾಗ ಬೆಲೆಗಿಂತ ಮುಖ್ಯವಾದ ಪ್ರಶ್ನೆ ಒಂದೇ: ಮಾತು ಸ್ಪಷ್ಟವಾಗಿ ಕೇಳುವ ಜಾಗದಲ್ಲಿ, ಮೊದಲ ಮಾತು ಹೊರಡುವ ಮುಂಚೆ ನಾವು ಕೂತಿರುತ್ತೇವೆಯೇ? ಯಾವ ಪ್ರಯೋಗ ಆರಿಸಬೇಕು, ಟಿಕೆಟ್ ಎಲ್ಲಿ ಕೊಳ್ಳಬೇಕು, ಎಷ್ಟು ಹೊತ್ತಿಗೆ ಮನೆ ಬಿಡಬೇಕು ಎಂಬುದೆಲ್ಲ ಈ ಪ್ರಶ್ನೆಯಿಂದಲೇ ತೀರ್ಮಾನವಾಗುತ್ತದೆ.

ಮೊದಲು ನಾಟಕ ಯಾವುದೆಂದು ತಿಳಿಯಿರಿ

"ಹಳೆಯ ಹಾಸ್ಯ ನಾಟಕ" ಎಂಬ ಒಂದೇ ಹೆಸರಿನಡಿ ಕನ್ನಡದಲ್ಲಿ ಬೇರೆ ಬೇರೆ ಜಾತಿಯ ನಾಟಕಗಳಿವೆ. ಟಿಕೆಟ್ ಸಿಗುವ ಬಗೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಟಿ.ಪಿ. ಕೈಲಾಸಂ (1884–1946) ಅವರ 'ಟೊಳ್ಳು ಗಟ್ಟಿ', 'ಪೋಲಿ ಕಿಟ್ಟಿ', 'ಬಂಡ್ವಾಳಿಲ್ಲದ ಬಡಾಯಿ', 'ತಾಳಿ ಕಟ್ಟೋಕ್ಕೂಲಿನೇ', 'ಅಮ್ಮಾವ್ರ ಗಂಡ' ಮೊದಲಾದವನ್ನು ಹವ್ಯಾಸಿ ತಂಡಗಳು ಇಂದಿಗೂ ಆಡುತ್ತವೆ. ಇವುಗಳಲ್ಲಿ ಹಲವು ಚಿಕ್ಕ ನಾಟಕಗಳು. ಆದ್ದರಿಂದ ಒಂದೇ ಸಂಜೆಗೆ ಎರಡನ್ನು ಜೋಡಿಸಿ ಆಡುವುದುಂಟು. ಜಾಹೀರಾತಿನಲ್ಲಿ ಎರಡು ಹೆಸರು ಕಂಡರೆ ಎರಡು ಪ್ರತ್ಯೇಕ ಟಿಕೆಟ್ ಬೇಕೇನೋ ಎಂದು ಗೊಂದಲಪಡಬೇಡಿ, ಸಾಮಾನ್ಯವಾಗಿ ಒಂದೇ ಟಿಕೆಟ್ ಸಾಕು. ಕೈಲಾಸಂ ಭಾಷೆ ಹಳೆ ಮೈಸೂರಿನ ಮನೆಮಾತು ಮತ್ತು ಇಂಗ್ಲಿಷ್ ಬೆರೆತು ಓಡುವ ಭಾಷೆ. ಮಕ್ಕಳನ್ನೋ ಕನ್ನಡ ಈಗಷ್ಟೇ ಕಲಿಯುತ್ತಿರುವವರನ್ನೋ ಕರೆದೊಯ್ಯುವುದಾದರೆ ನಾಟಕವನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಹೋಗಿ. ನಗೆ ಇಮ್ಮಡಿಯಾಗುತ್ತದೆ.

'ಸದಾರಮೆ' ಕಂಪನಿ ನಾಟಕದ, ಅಂದರೆ ಊರೂರಿಗೆ ಹೋಗಿ ಕ್ಯಾಂಪ್ ಹಾಕಿ ಆಡುವ ವೃತ್ತಿ ತಂಡಗಳ ಪರಂಪರೆಯದು. ಅದರ ಕಳ್ಳನ ಪಾತ್ರದಿಂದ ಗುಬ್ಬಿ ವೀರಣ್ಣನವರು ಮನೆಮಾತಾದರು. ಹಾಡು, ಕುಣಿತ, ಪರದೆಗಳೆಲ್ಲ ಇರುವ ಇಂಥ ನಾಟಕಕ್ಕೆ ದೊಡ್ಡ ರಂಗವೇ ಚೆಂದ. ಮಾಸ್ಟರ್ ಹಿರಣ್ಣಯ್ಯನವರು (1934–2019) 'ಲಂಚಾವತಾರ'ವನ್ನು ಊರೂರಿಗೆ ಕೊಂಡೊಯ್ದರು. ಆಯಾ ದಿನದ ರಾಜಕೀಯವನ್ನು ವೇದಿಕೆಯ ಮೇಲೇ ಮಾತಿಗೆ ಸೇರಿಸಿಕೊಳ್ಳುವುದು ಆ ಬಗೆಯ ನಾಟಕದ ಜೀವ. ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ' 1980ರಿಂದ ರಂಗದ ಮೇಲಿದೆ. ನಟ ಚಂದ್ರು ಅವರ ಹೆಸರಿನ ಹಿಂದೆ 'ಮುಖ್ಯಮಂತ್ರಿ' ಸೇರಿದ್ದು ಆ ಪಾತ್ರದಿಂದಲೇ. ಅದು ನಗೆನಾಟಕ ಎನ್ನುವುದಕ್ಕಿಂತ ಚುಚ್ಚಿ ನಗಿಸುವ ರಾಜಕೀಯ ನಾಟಕ. ಬರೀ ಕಚಗುಳಿ ಬಯಸುವವರು ಇದನ್ನು ತಿಳಿದು ಹೋಗಬೇಕು.

ಪೋಸ್ಟರಿನಲ್ಲಿ "ಆಧಾರಿತ" ಎಂಬ ಪದ ಇದೆಯೇ ನೋಡಿ. "ಕೈಲಾಸಂ ರಚನೆಯ" ಎಂದಿದ್ದರೆ ಮೂಲ ಪಠ್ಯ. "ಕೈಲಾಸಂ ನಾಟಕಗಳನ್ನು ಆಧರಿಸಿದ" ಎಂದಿದ್ದರೆ ಹಲವು ನಾಟಕಗಳ ತುಣುಕು ಜೋಡಿಸಿದ್ದಿರಬಹುದು, ಕೈಲಾಸಂ ಅವರನ್ನೇ ಪಾತ್ರ ಮಾಡಿದ್ದಿರಬಹುದು. ಎರಡೂ ಒಳ್ಳೆಯ ಪ್ರಯೋಗಗಳಾಗಬಹುದು. ಆದರೆ 'ಟೊಳ್ಳು ಗಟ್ಟಿ'ಯ ಪುಟ್ಟು, ಮಾಧು ಇಬ್ಬರನ್ನೂ ಇಡಿಯಾಗಿ ನೋಡಬೇಕೆಂದು ಹೋದವರಿಗೆ ಐದು ನಿಮಿಷದ ತುಣುಕು ಸಿಕ್ಕರೆ ಬೇಸರವಾಗುವುದು ಸಹಜ.

ರಂಗಮಂದಿರವನ್ನಲ್ಲ, ತಂಡವನ್ನು ಹಿಂಬಾಲಿಸಿ

ಟಿಕೆಟ್ ತಪ್ಪಿಸಿಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಸಿನಿಮಾದಂತೆ ನಾಟಕ ಒಂದೇ ಕಡೆ ವಾರಗಟ್ಟಲೆ ಓಡುವುದಿಲ್ಲ. ಬೆಂಗಳೂರಿನ ಹವ್ಯಾಸಿ ತಂಡವೊಂದು ಒಂದು ನಾಟಕವನ್ನು ಒಂದು ಸಭಾಂಗಣದಲ್ಲಿ ಒಂದೋ ಎರಡೋ ಪ್ರದರ್ಶನ ಮಾಡಿ ಸೆಟ್ ಬಿಚ್ಚುತ್ತದೆ. ಮತ್ತೆ ಅದೇ ನಾಟಕ ಬರುವುದು ತಿಂಗಳುಗಳ ನಂತರ, ಅದೂ ಬೇರೆ ಬಡಾವಣೆಯ ಬೇರೆ ರಂಗಮಂದಿರಕ್ಕೆ. ಕಲಾವಿದರು ಹಗಲು ಬೇರೆ ಕೆಲಸದಲ್ಲಿರುವವರು, ಸಭಾಂಗಣದ ಬಾಡಿಗೆಯೂ ದಿನದ ಲೆಕ್ಕದ್ದು. ಹಾಗಾಗಿ ದೀರ್ಘ ಓಟ ಅವರಿಗೆ ಸಾಧ್ಯವಿಲ್ಲ.

ಆದ್ದರಿಂದ ಕೈಲಾಸಂ, ಪರ್ವತವಾಣಿ ಮೊದಲಾದವರ ನಾಟಕಗಳನ್ನು ಆಡುವ ಮೂರು–ನಾಲ್ಕು ತಂಡಗಳನ್ನು ಗುರುತಿಸಿಕೊಳ್ಳಿ. ಅವರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳನ್ನು ಹಿಂಬಾಲಿಸಿ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿ ಇದ್ದರೆ ಹೆಸರು ಸೇರಿಸಲು ಕೇಳಿ. ಬ್ರಾಡ್‌ಕಾಸ್ಟ್ ಸಂದೇಶ ನಿಮಗೆ ತಲುಪಬೇಕಾದರೆ ಅವರ ಸಂಖ್ಯೆಯನ್ನು ನಿಮ್ಮ ಫೋನಿನಲ್ಲಿ ಉಳಿಸಿಕೊಂಡಿರಲೇಬೇಕು. ಇದನ್ನು ಮರೆತು "ನನಗೆ ಮೆಸೇಜೇ ಬರಲ್ಲ" ಎನ್ನುವವರು ಬಹಳ. ಪತ್ರಿಕೆ ಓದುವ ಮನೆಯಲ್ಲಿ ಬೆಂಗಳೂರು ಪುಟದ "ನಗರದಲ್ಲಿ ಇಂದು" ಅಂಕಣ ಈಗಲೂ ಉಪಯುಕ್ತ. ಆದರೆ ಅದು ಅದೇ ದಿನದ ಸುದ್ದಿ, ಶನಿವಾರದ ಹೌಸ್‌ಫುಲ್ ನಾಟಕಕ್ಕೆ ಅದನ್ನು ನೆಚ್ಚಬೇಡಿ. ಜೆ.ಸಿ. ರಸ್ತೆಯ ಕಡೆ ಓಡಾಡುವವರು ರವೀಂದ್ರ ಕಲಾಕ್ಷೇತ್ರದ ಆವರಣದ ಬ್ಯಾನರುಗಳ ಮೇಲೆ ಕಣ್ಣಾಡಿಸಿದರೆ ಮುಂದಿನ ಹಲವು ದಿನಗಳ ಕಾರ್ಯಕ್ರಮ ತಿಳಿಯುತ್ತದೆ.

ಜುಲೈ ಕೊನೆಯ ವಾರ ಕೈಲಾಸಂ ಹುಟ್ಟಿದ ದಿನ ಬರುತ್ತದೆ. ಮಾರ್ಚ್ 27 ವಿಶ್ವ ರಂಗಭೂಮಿ ದಿನ. ಈ ದಿನಗಳ ಆಸುಪಾಸಿನಲ್ಲಿ ಹಳೆಯ ನಾಟಕಗಳು ಮತ್ತೆ ರಂಗಕ್ಕೆ ಬರುವ ಸಂಭವ ಹೆಚ್ಚು. ನವೆಂಬರ್ ತಿಂಗಳು ರಾಜ್ಯೋತ್ಸವದ್ದು. ಕನ್ನಡ ಸಂಘಗಳು, ಕಚೇರಿಗಳು, ಅಪಾರ್ಟ್‌ಮೆಂಟ್‌ಗಳು ತಂಡಗಳನ್ನು ಕರೆಸಿಕೊಳ್ಳುವುದರಿಂದ ಸಾರ್ವಜನಿಕ ಟಿಕೆಟ್ ಇಲ್ಲದ ಖಾಸಗಿ ಪ್ರದರ್ಶನಗಳೇ ಜಾಸ್ತಿಯಾಗಬಹುದು. ಆಗ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ, ಎಷ್ಟೋ ಸಂಘಗಳು ಹೊರಗಿನವರಿಗೂ ಬಾಗಿಲು ತೆರೆದಿರುತ್ತವೆ.

ಜಾಹೀರಾತನ್ನು ಪೂರ್ತಿ ಓದುವುದು

ದುಡ್ಡು ಕಟ್ಟುವ ಮೊದಲು ಪೋಸ್ಟರಿನಲ್ಲಿ ಈ ವಿವರಗಳನ್ನು ಹುಡುಕಿ. ಸಿಗದಿದ್ದರೆ ಅಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕೇಳಿ.

ಒಂದು, ಸ್ಥಳದ ಪೂರ್ಣ ಹೆಸರು. ಕಲಾಕ್ಷೇತ್ರದ ಆವರಣದಲ್ಲಿ 1963ರ ದೊಡ್ಡ ಸಭಾಂಗಣವಲ್ಲದೆ ಹಿಂದೆ ಸಂಸ ಬಯಲು ರಂಗಮಂದಿರವಿದೆ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣವಿದೆ. ಒಂದೇ ಸಂಜೆ ಮೂರರಲ್ಲೂ ಬೇರೆ ಬೇರೆ ಕಾರ್ಯಕ್ರಮ ಇರಬಹುದು. ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರ ಬೆಂಗಳೂರಿನ ಗಾಂಧಿನಗರದಲ್ಲಿದೆ, ಅವರದೇ ಹೆಸರಿನ ಕಲಾಕ್ಷೇತ್ರ ತುಮಕೂರಿನಲ್ಲೂ ಇದೆ. ಫೋನಿನ ನಕ್ಷೆಯಲ್ಲಿ ಮೊದಲು ಬಂದ ಹೆಸರನ್ನು ಒತ್ತಿ ಹೊರಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎರಡು, ನಾಟಕ ಶುರುವಾಗುವ ನಿಜವಾದ ಸಮಯ. ಆಮಂತ್ರಣ ಪತ್ರಿಕೆಯಲ್ಲಿ "ಸಂಜೆ 6ಕ್ಕೆ ಉದ್ಘಾಟನೆ, ಅಧ್ಯಕ್ಷತೆ, ಸನ್ಮಾನ, ನಂತರ ನಾಟಕ" ಎಂದಿದ್ದರೆ ಪರದೆ ಏಳುವುದು 7 ಗಂಟೆಯೂ ಆಗಬಹುದು, ಅದಕ್ಕೂ ತಡವಾಗಬಹುದು. ಹಾಗೆಂದು 7ಕ್ಕೇ ಹೋದರೆ ಒಳ್ಳೆಯ ಜಾಗಗಳೆಲ್ಲ ತುಂಬಿರುತ್ತವೆ. ಸಭಾ ಕಾರ್ಯಕ್ರಮ ಇಲ್ಲದೆ "ಸರಿಯಾಗಿ 7.30ಕ್ಕೆ" ಎಂದಿದ್ದರೆ ಅದು ಅಕ್ಷರಶಃ ಸರಿಯಾಗಿ.

ಮೂರು, ಅವಧಿ ಮತ್ತು ಮಧ್ಯಂತರ. ವಿರಾಮವಿಲ್ಲದ 90 ನಿಮಿಷದ ಪ್ರಯೋಗಕ್ಕೂ, ನಡುವೆ 10 ನಿಮಿಷ ಬಿಡುವಿರುವ ಎರಡೂವರೆ ಗಂಟೆಯದಕ್ಕೂ ವಯಸ್ಸಾದವರನ್ನು ಕರೆದೊಯ್ಯುವ ಸಿದ್ಧತೆ ಬೇರೆ.

ನಾಲ್ಕು, ವಯಸ್ಸಿನ ಮಿತಿ. ಎಳೆಯ ಮಕ್ಕಳನ್ನು ಬಿಡದ ರಂಗಮಂದಿರಗಳಿವೆ. ಒಂದು ಮಗು ಅತ್ತರೆ ನಟನ ಮಾತಿನ ಹದ ತಪ್ಪುತ್ತದೆ, ಹಾಸ್ಯಕ್ಕೆ ಅದೇ ದೊಡ್ಡ ಪೆಟ್ಟು. ಮಗುವಿಗೂ ಪೂರ್ತಿ ಟಿಕೆಟ್ ಬೇಕೇ ಎಂಬುದನ್ನು ಇದೇ ಹೊತ್ತಿಗೆ ಕೇಳಿಕೊಳ್ಳಿ.

ಐದು, ಆಸನಕ್ಕೆ ಸಂಖ್ಯೆ ಇದೆಯೇ ಇಲ್ಲವೇ. ನೀವು ಎಷ್ಟು ಬೇಗ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಇದು.

ಆನ್‌ಲೈನ್‌ನಲ್ಲಿ ಕೊಳ್ಳುವುದು

ಬೆಂಗಳೂರಿನ ಟಿಕೆಟ್ ನಾಟಕಗಳಲ್ಲಿ ಹೆಚ್ಚಿನವು ಬುಕ್‌ಮೈಶೋದಲ್ಲಿ ಸಿಗುತ್ತವೆ. ಕ್ರಮ ಹೀಗಿದೆ:

1. ಊರು 'ಬೆಂಗಳೂರು' ಎಂದೇ ಇದೆಯೇ ಖಚಿತಪಡಿಸಿಕೊಳ್ಳಿ. ಊರು ಬೇರೆ ಇದ್ದರೆ ನಾಟಕ ಪಟ್ಟಿಯಲ್ಲೇ ಕಾಣುವುದಿಲ್ಲ.
2. ಸಿನಿಮಾ ವಿಭಾಗ ಬಿಟ್ಟು ನಾಟಕಗಳ ವಿಭಾಗಕ್ಕೆ ಹೋಗಿ, ಭಾಷೆಯಲ್ಲಿ ಕನ್ನಡ ಆರಿಸಿ. ಹೆಸರಿನಿಂದ ಹುಡುಕುವಾಗ ಇಂಗ್ಲಿಷ್ ಕಾಗುಣಿತ ತಂಡಕ್ಕೊಂದು ಥರ ಇರುತ್ತದೆ. 'ಟೊಳ್ಳು' ಎಂಬುದನ್ನೇ ನಾಲ್ಕು ಬಗೆಯಲ್ಲಿ ಬರೆಯಬಹುದು. ನಾಟಕದ ಹೆಸರು ಸಿಗದಿದ್ದರೆ ರಂಗಮಂದಿರದ ಹೆಸರು ಹಾಕಿ ಹುಡುಕಿ.
3. ದಿನಾಂಕ ಮತ್ತು ಹೊತ್ತು ಎರಡನ್ನೂ ನೋಡಿ ಒತ್ತಿ. ಭಾನುವಾರ ಮಧ್ಯಾಹ್ನ ಒಂದು, ಸಂಜೆ ಒಂದು ಪ್ರದರ್ಶನ ಇರುವಾಗ ಪಟ್ಟಿಯಲ್ಲಿ ಮೊದಲು ಕಾಣುವುದು ಮಧ್ಯಾಹ್ನದ್ದು. ಅವಸರದಲ್ಲಿ ಅದನ್ನೇ ಕೊಂಡು ಸಂಜೆ ಹೋಗಿ ನಿಲ್ಲುವುದು ಆಗಾಗ ನಡೆಯುವ ತಪ್ಪು.
4. ಎಷ್ಟು ಟಿಕೆಟ್ ಬೇಕೆಂದು ಆರಿಸಿ. ಎಲ್ಲರೂ ಒಟ್ಟಿಗೆ ಕೂರಬೇಕಿದ್ದರೆ, ಆಸನ ಸಂಖ್ಯೆ ಇರುವ ಸಭಾಂಗಣದಲ್ಲಿ ಒಂದೇ ಸಲಕ್ಕೆ ಕೊಳ್ಳಿ. ಮೊದಲು ಎರಡು, ಆಮೇಲೆ ಎರಡು ಎಂದರೆ ನಡುವೆ ಬೇರೆಯವರು ಸೇರುತ್ತಾರೆ.
5. ಪಾವತಿಗೆ ಮುಂಚೆ ಒಟ್ಟು ಮೊತ್ತವನ್ನು ಬಿಡಿಸಿ ನೋಡಿ.

ಆ ಮೊತ್ತದ ಲೆಕ್ಕ ತಿಳಿದಿರುವುದು ಒಳ್ಳೆಯದು. ತಲಾ 500 ರೂಪಾಯಿವರೆಗಿನ ನಾಟಕದ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದೆ, ಅದನ್ನು ಮೀರಿದರೆ 18 ಪ್ರತಿಶತ ತೆರಿಗೆ. ದೊಡ್ಡ ಪ್ರಯೋಗಗಳ ಟಿಕೆಟ್ ಕೂಡ 499, 500ಕ್ಕೆ ಬಂದು ನಿಲ್ಲುವುದು ಇದಕ್ಕೇ. ಆದರೆ ಆ್ಯಪ್ ಹಾಕುವ ಸೇವಾ ಶುಲ್ಕಕ್ಕೆ ಈ ವಿನಾಯಿತಿ ಇಲ್ಲ, ಅದರ ಮೇಲೆ 18 ಪ್ರತಿಶತ ಸೇರುತ್ತದೆ. ಉದಾಹರಣೆಗೆ 200 ರೂಪಾಯಿಯ 4 ಟಿಕೆಟ್, ಸೇವಾ ಶುಲ್ಕ ತಲಾ 20 ಎಂದಿಟ್ಟುಕೊಳ್ಳಿ. ಟಿಕೆಟ್ 800, ಶುಲ್ಕ 80, ಶುಲ್ಕದ ಮೇಲಿನ ತೆರಿಗೆ 14 ರೂಪಾಯಿ 40 ಪೈಸೆ, ಒಟ್ಟು 894.40. ಜೊತೆಗೆ ದೇಣಿಗೆಯ ಸಣ್ಣ ಮೊತ್ತವೊಂದು ತಾನಾಗಿ ಸೇರಿಕೊಂಡಿದೆಯೇ ನೋಡಿ. ಕೊಡಲು ಇಷ್ಟವಿದ್ದರೆ ಬಿಡಿ, ಇಲ್ಲದಿದ್ದರೆ ತೆಗೆಯಿರಿ. ರಂಗಮಂದಿರದ ಹತ್ತಿರವೇ ಇರುವವರು ಕೌಂಟರಿನಲ್ಲಿ ಕೊಂಡರೆ ಈ 94 ರೂಪಾಯಿ ಉಳಿಯುತ್ತದೆ. ದೂರದಿಂದ ಬರುವವರಿಗೆ ಮಾತ್ರ ಆನ್‌ಲೈನೇ ಸರಿ, ಹೌಸ್‌ಫುಲ್ ಬೋರ್ಡ್ ನೋಡಿ ವಾಪಸ್ಸಾಗುವ ಆಟೋ ಖರ್ಚು ಅದಕ್ಕಿಂತ ಜಾಸ್ತಿ.

ಪಾವತಿ ನಡುವೆ ಕೈಕೊಡುವುದು ಇನ್ನೊಂದು ತೊಂದರೆ. ಖಾತೆಯಿಂದ ಹಣ ಹೋಗಿದೆ, ಟಿಕೆಟ್ ಬಂದಿಲ್ಲ. ಆಗ ತಕ್ಷಣ ಇನ್ನೊಮ್ಮೆ ಕಟ್ಟಬೇಡಿ. ಹತ್ತು ನಿಮಿಷ ಕಾದು ಆ್ಯಪ್‌ನ 'ನನ್ನ ಬುಕಿಂಗ್' ಪುಟ, ಎಸ್‌ಎಂಎಸ್, ಇಮೇಲ್ ಮೂರನ್ನೂ ನೋಡಿ. ಎಲ್ಲೂ ಇಲ್ಲವೆಂದಾದರೆ ಮಾತ್ರ ಮತ್ತೆ ಕೊಳ್ಳಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಅಂಗಡಿ ಅಥವಾ ಸಂಸ್ಥೆಗೆ ಮಾಡಿದ ಯುಪಿಐ ಪಾವತಿ ಹೀಗೆ ನಡುವೆ ನಿಂತರೆ 5 ದಿನಗಳೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಬ್ಯಾಂಕಿನೊಡನೆ ಮಾತು ಸುಲಭ.

ಟಿಕೆಟ್ ಬಂದ ಮೇಲೆ ಕ್ಯೂಆರ್ ಕೋಡ್ ಇರುವ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು ಜೊತೆಗೆ ಬರುವ ಒಬ್ಬರಿಗಾದರೂ ಕಳುಹಿಸಿ. ಬಾಗಿಲಲ್ಲಿ ನೆಟ್‌ವರ್ಕ್ ಸಿಗದಿದ್ದಾಗ, ನಿಮ್ಮ ಫೋನಿನ ಬ್ಯಾಟರಿ ಸತ್ತಾಗ ಅದು ಕಾಯುತ್ತದೆ. ಟಿಕೆಟ್‌ನ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ಆನ್‌ಲೈನ್ ಟಿಕೆಟನ್ನು ಕೌಂಟರಿನಲ್ಲಿ ಕಾಗದದ ಟಿಕೆಟ್‌ಗೆ ಬದಲಾಯಿಸಿಕೊಳ್ಳಬೇಕು ಎಂಬ ಷರತ್ತು ಕೆಲವು ಪ್ರದರ್ಶನಗಳಿಗಿರುತ್ತದೆ. ಇದ್ದರೆ ಆ ಸಾಲಿಗೆ ಇನ್ನೂ 15 ನಿಮಿಷ ಸೇರಿಸಿಕೊಳ್ಳಿ.

ಫೋನ್ ಮಾಡಿ, ಯುಪಿಐ ಕಳುಹಿಸಿ ಕೊಳ್ಳುವುದು

ಸಣ್ಣ ತಂಡಗಳು ಆ್ಯಪ್‌ನ ಗೊಡವೆಗೆ ಹೋಗದೆ ಪೋಸ್ಟರಿನಲ್ಲೇ ಒಂದು ಸಂಖ್ಯೆ ಕೊಟ್ಟು "ಟಿಕೆಟ್‌ಗಾಗಿ ಸಂಪರ್ಕಿಸಿ" ಎನ್ನುತ್ತವೆ. ಹೀಗೆ ಕೊಳ್ಳುವುದರಿಂದ ನಿಮ್ಮ ಪೂರ್ತಿ ದುಡ್ಡು ತಂಡಕ್ಕೇ ಸೇರುತ್ತದೆ, ಹಾಗಾಗಿ ಸಾಧ್ಯವಿದ್ದಾಗಲೆಲ್ಲ ಈ ದಾರಿಯೇ ಮೇಲು. ಆದರೆ ಹಣ ಕಳುಹಿಸುವ ಮುನ್ನ ಕರೆ ಮಾಡಿ ಮಾತಾಡಿ. "ಸರ್, ಭಾನುವಾರದ ನಾಟಕಕ್ಕೆ ನಾಲ್ಕು ಟಿಕೆಟ್ ಬೇಕಿತ್ತು, ಇದೆಯಾ?" ಎಂದು ಕೇಳಿ ಹೌದೆಂದ ಮೇಲೆ ಕಳುಹಿಸಿ. ಸಂಖ್ಯೆ ಹಾಕಿದಾಗ ಯುಪಿಐ ತೋರಿಸುವ ಹೆಸರು ಅವರು ಹೇಳಿದ್ದೇ ಹೌದೇ ನೋಡಿ. ಷರಾ ಜಾಗದಲ್ಲಿ ನಿಮ್ಮ ಹೆಸರು, ಎಷ್ಟು ಟಿಕೆಟ್, ಯಾವ ದಿನಾಂಕ ಎಂದು ಬರೆಯಿರಿ. ಬಳಿಕ ಅದೇ ವಿವರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ "ಖಚಿತ" ಎಂಬ ಮರುಸಂದೇಶ ಪಡೆಯಿರಿ. ನಾಟಕದ ದಿನ ಬಾಗಿಲಲ್ಲಿ ಕೂತವರು ನಿಮ್ಮೊಡನೆ ಫೋನಿನಲ್ಲಿ ಮಾತಾಡಿದವರೇ ಆಗಿರುವುದಿಲ್ಲ, ಅವರು ಗ್ರೀನ್ ರೂಮಿನಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರಬಹುದು. ಆ ಮರುಸಂದೇಶವೇ ನಿಮ್ಮ ಟಿಕೆಟ್.

ಹಣ ಹಿಂದಿರುಗಿಸುವುದಾಗಿ ಹೇಳಿ ಯಾರಾದರೂ ಕ್ಯೂಆರ್ ಕಳುಹಿಸಿ ಪಿನ್ ಒತ್ತಲು ಹೇಳಿದರೆ ಒತ್ತಬೇಡಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ.

ಕೌಂಟರ್

ಕೌಂಟರಿನಲ್ಲಿ ಕೊಳ್ಳುವುದಾದರೆ ಪ್ರದರ್ಶನಕ್ಕೆ ಒಂದು ಗಂಟೆ ಮುಂಚೆ ಇರಿ, ವಾರಾಂತ್ಯದಲ್ಲಿ ಒಂದೂವರೆ ಗಂಟೆ. ಚಿಲ್ಲರೆ ನಗದು ಇಟ್ಟುಕೊಳ್ಳಿ, ತಂಡದ ಹುಡುಗರು ಮೇಜು ಹಾಕಿಕೊಂಡು ಮಾರುವ ಕಡೆ ನೆಟ್‌ವರ್ಕ್ ಸಿಗದೆ ಸಾಲು ನಿಲ್ಲುವುದುಂಟು. ಆನ್‌ಲೈನ್‌ನಲ್ಲಿ 'ಮುಗಿದಿದೆ' ಎಂದು ತೋರಿಸಿದರೂ ಪೂರ್ತಿ ಆಸೆ ಬಿಡಬೇಡಿ. ಸಂಘಟಕರು ಎಲ್ಲ ಆಸನಗಳನ್ನೂ ಆ್ಯಪ್‌ಗೆ ಕೊಡದೆ ಒಂದಿಷ್ಟನ್ನು ಬಾಗಿಲ ಮಾರಾಟಕ್ಕೂ ಅತಿಥಿಗಳಿಗೂ ಉಳಿಸಿಕೊಂಡಿರಬಹುದು. ಬಾರದ ಅತಿಥಿಗಳ ಟಿಕೆಟ್ ಕೊನೆಯ 15 ನಿಮಿಷದಲ್ಲಿ ಹೊರಬರುತ್ತದೆ. ಒಬ್ಬರೋ ಇಬ್ಬರೋ ಇದ್ದರೆ ಸಿಗುವ ಸಂಭವ ಚೆನ್ನಾಗಿಯೇ ಇದೆ, ಆರು ಜನರ ಕುಟುಂಬಕ್ಕೆ ಕಷ್ಟ.

ಪಾಸ್‌ಗಳ ವಿಚಾರ ಬೇರೆ. ಸಹಾಯಾರ್ಥ ಪ್ರದರ್ಶನಗಳಿಗೆ ಡೋನರ್ ಪಾಸ್ ಇರುತ್ತದೆ, ಬೆಲೆ ಹೆಚ್ಚು, ಮುಂದಿನ ಸಾಲು. ಇಲಾಖೆ, ಅಕಾಡೆಮಿಗಳ ಆಶ್ರಯದ ಎಷ್ಟೋ ನಾಟಕಗಳಿಗೆ ಉಚಿತ ಪ್ರವೇಶ. ಉಚಿತ ಎಂದರೆ ಆಸನ ಖಾತ್ರಿಯಿಲ್ಲ ಎಂದೇ ಅರ್ಥ, ಮೊದಲ ಎರಡು–ಮೂರು ಸಾಲು ಗಣ್ಯರಿಗೆಂದು ಕಟ್ಟಿರುತ್ತಾರೆ. ಮುಕ್ಕಾಲು ಗಂಟೆ ಮುಂಚೆ ಹೋಗಿ ಆ ಕಾಯ್ದಿರಿಸಿದ ಸಾಲುಗಳ ಬೆನ್ನಿಗೇ ಕೂರುವುದು ಜಾಣತನ.

ಎಲ್ಲಿ ಕೂರಬೇಕು

ರಂಗಶಂಕರದಿಂದ ಶುರುಮಾಡೋಣ. ಶಂಕರನಾಗ್ ನೆನಪಿನಲ್ಲಿ 2004ರಲ್ಲಿ ಜೆ.ಪಿ. ನಗರ 2ನೇ ಹಂತದಲ್ಲಿ ತೆರೆದ ಈ ರಂಗಮಂದಿರದಲ್ಲಿ ಸುಮಾರು 300ರಷ್ಟು ಆಸನಗಳಿವೆ. ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ, ಆಸನಗಳು ಮೂರು ಕಡೆಯಿಂದ ಮೆಟ್ಟಿಲಂತೆ ಏರುತ್ತವೆ. ಮುಂದಿನವರ ತಲೆ ಅಡ್ಡ ಬರುವುದಿಲ್ಲ, ಮೈಕ್ ಇಲ್ಲದೆಯೂ ಮಾತು ತಲುಪುತ್ತದೆ. ಕೈಲಾಸಂ ನಾಟಕಕ್ಕೆ ಇಂಥ ಅಳತೆಯೇ ಸೂಕ್ತ. ಆಸನಕ್ಕೆ ಸಂಖ್ಯೆಯಿಲ್ಲ, ಮೊದಲು ಬಂದವರಿಗೆ ಮೊದಲ ಜಾಗ. ಟಿಕೆಟ್ ಎಷ್ಟು ದಿನ ಮುಂಚೆ ಕೊಂಡಿದ್ದರೂ ಒಳ್ಳೆಯ ಜಾಗ ಸಿಗುವುದು ಬಾಗಿಲ ಸಾಲಿನಲ್ಲಿ ಮುಂದಿರುವವರಿಗೆ. ಒಳಹೊಕ್ಕ ಕೂಡಲೇ ಬದಿಗೆ ತಿರುಗದೆ ನೇರ ನಡುವಿನ ವಿಭಾಗಕ್ಕೆ ಹೋಗಿ, ಮೂರರಿಂದ ಆರನೇ ಸಾಲಿನಲ್ಲಿ ಕೂರಿ. ಹಳೆಯ ಹಾಸ್ಯ ನಾಟಕಗಳನ್ನು ಬರೆದದ್ದು ಎದುರಿಗೆ ಕೂತವರನ್ನು ನೆನೆದು. ಒಂದು ಹಜಾರ, ಒಂದು ಬೆಂಚು, ಎರಡು ಬಾಗಿಲು ಇಟ್ಟು ಆಡುವಾಗ ನಟರ ಮುಖ ಎದುರಿಗೇ ತಿರುಗಿರುತ್ತದೆ. ಬದಿಯಲ್ಲಿ ಕೂತರೆ ಮಾತು ಕೇಳುತ್ತದೆ, ಮುಖದ ಚರ್ಯೆ ಅರ್ಧ ಸಿಗುತ್ತದೆ.

ರವೀಂದ್ರ ಕಲಾಕ್ಷೇತ್ರ ಇದರ ಮೂರು ಪಟ್ಟು ದೊಡ್ಡದು, ಚೌಕಟ್ಟಿನ ವೇದಿಕೆ, ಮೇಲೆ ಬಾಲ್ಕನಿ. ಇಲ್ಲಿ ಮೊದಲ ಎರಡು ಸಾಲು ಬೇಡ. ಕತ್ತೆತ್ತಿ ನೋಡಬೇಕಾಗುತ್ತದೆ, ವೇದಿಕೆಯ ಹಿಂಭಾಗದಲ್ಲಿ ನಡೆಯುವುದು ಕಾಣದೆ ಹೋಗುತ್ತದೆ. ಐದರಿಂದ ಹನ್ನೆರಡನೇ ಸಾಲಿನ ನಡುಭಾಗ ಒಳ್ಳೆಯದು. ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳನ್ನು ಬಿಡಿ, ಮೇಲಿನ ತಾರಸಿ ಧ್ವನಿಯನ್ನು ಮಂಕು ಮಾಡುತ್ತದೆ. ಅದಕ್ಕಿಂತ ಬಾಲ್ಕನಿಯ ಮೊದಲ ಸಾಲೇ ವಾಸಿ. ಅಲ್ಲಿಂದ ಮುಖ ಚಿಕ್ಕದಾಗಿ ಕಂಡರೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ, 'ಸದಾರಮೆ'ಯಂಥ ಹಾಡು–ಕುಣಿತದ ನಾಟಕದ ಗುಂಪಿನ ಚಲನೆ ಪೂರ್ತಿ ಕಾಣುತ್ತದೆ. ಧ್ವನಿವರ್ಧಕದ ಪೆಟ್ಟಿಗೆಯ ಎದುರಿಗೆ ಕೂರಬೇಡಿ, ನಟ ಎಡಗಡೆ ನಿಂತಿದ್ದರೂ ಮಾತು ಬಲಗಡೆಯಿಂದ ಬಂದಂತಾಗುತ್ತದೆ. ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲೇಶ್ವರದ ಸೇವಾಸದನದಂಥ ಬಡಾವಣೆಯ ಸಭಾಂಗಣಗಳು ಚಿಕ್ಕವು, ನಡುಭಾಗದಲ್ಲಿ ಎಲ್ಲಿ ಕೂತರೂ ನಷ್ಟವಿಲ್ಲ. ಸದ್ದು ಮಾಡುವ ಫ್ಯಾನಿನ ಕೆಳಗೆ ಮಾತ್ರ ಬೇಡ.

ಶ್ರವಣ ಸಾಧನ ಬಳಸುವ ಹಿರಿಯರಿದ್ದರೆ ಮೂರು–ನಾಲ್ಕನೇ ಸಾಲಿನ ನಡುವೆ ಜಾಗ ಹಿಡಿಯಿರಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಕೊಳ್ಳುವ ದಿನವೇ ತಂಡಕ್ಕೆ ಫೋನ್ ಮಾಡಿ ತಿಳಿಸಿ. ಮೆಟ್ಟಿಲಿಲ್ಲದ ಬಾಗಿಲು ಯಾವುದು, ಕುರ್ಚಿ ಎಲ್ಲಿ ನಿಲ್ಲಿಸಬಹುದು ಎಂದು ಅವರು ಮುಂಚೆಯೇ ನೋಡಿಡಬಹುದು.

ನಾಟಕದ ದಿನ

ರಂಗಶಂಕರದಲ್ಲಿ ಸೋಮವಾರ ಬಿಟ್ಟು ಉಳಿದ ದಿನ ನಾಟಕವಿರುತ್ತದೆ, ಸಂಜೆಯ ಪ್ರದರ್ಶನ 7.30ಕ್ಕೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಟಿಕೆಟ್ ಕೈಲಿದ್ದರೂ ಅಷ್ಟೇ. ಈ ಕಟ್ಟುನಿಟ್ಟಿಗೆ ಹಲವರು ಬೇಸರಪಡುತ್ತಾರೆ. ಆದರೆ ಹಾಸ್ಯ ನಾಟಕದ ದೃಷ್ಟಿಯಿಂದ ಇದು ತೀರ ಸರಿಯಾದ ನಿಯಮ. ಮೊದಲ ಹತ್ತು ನಿಮಿಷದಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರ ಬಡಾಯಿ ಯಾವುದು ಎಂಬುದೆಲ್ಲ ಹೊರಬೀಳುತ್ತದೆ. ಆಗ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಜಾಗ ಹುಡುಕುವವರಿದ್ದರೆ ಇಡೀ ಸಾಲಿನ ನಗೆ ಹೋಗುತ್ತದೆ.

6.30ಕ್ಕೆ ಅಲ್ಲಿರುವ ಲೆಕ್ಕದಲ್ಲಿ ಹೊರಡಿ. ಶನಿವಾರ ಸಂಜೆಯ ಟ್ರಾಫಿಕ್ಕನ್ನು ನಂಬುವುದಕ್ಕಿಂತ ಹಸಿರು ಮಾರ್ಗದ ಮೆಟ್ರೋ ಹಿಡಿದು ಜೆ.ಪಿ. ನಗರ ಅಥವಾ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಇಳಿದು ಆಟೋ ಹತ್ತುವುದು ಖಾತ್ರಿಯ ದಾರಿ. ಕಲಾಕ್ಷೇತ್ರಕ್ಕೆ ಅದೇ ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣ, ಗುಬ್ಬಿ ವೀರಣ್ಣ ರಂಗಮಂದಿರಕ್ಕೆ ಮೆಜೆಸ್ಟಿಕ್. ಬೇಗ ಬಂದದ್ದು ವ್ಯರ್ಥವೂ ಅಲ್ಲ, ರಂಗಶಂಕರದ ಕೆಫೆಯ ಸಾಬುದಾನಾ ವಡೆಗೆ ಅಭಿಮಾನಿಗಳಿದ್ದಾರೆ. ತಿಂಡಿ ಹೊರಗೇ ಮುಗಿಸಿ, ಚಿಪ್ಸ್ ಪೊಟ್ಟಣದ ಪರಪರ ಸದ್ದು ಮಾತಿಗೆ ಶತ್ರು.

ಮೊದಲ ಬೆಲ್‌ಗೆ ಸಾಲಿನಲ್ಲಿರಿ, ಎರಡನೆಯದಕ್ಕೆ ಆಸನದಲ್ಲಿರಿ, ಮೂರನೆಯದಕ್ಕೆ ಫೋನ್ ಪೂರ್ತಿ ಆರಿಸಿರಿ. ಸೈಲೆಂಟ್‌ನಲ್ಲಿಟ್ಟರೆ ಗುಂಯ್‌ಗುಟ್ಟುತ್ತದೆ, ಪರದೆ ಬೆಳಗುತ್ತದೆ. ಕ್ಯಾಮೆರಾ ಬೇಡ, ಪ್ರದರ್ಶನದ ನಡುವೆ ಚಿತ್ರೀಕರಣಕ್ಕೆ ಅನುಮತಿ ಇರುವುದಿಲ್ಲ.

ಕಂಪನಿ ನಾಟಕಕ್ಕೆ ಬೇರೆಯೇ ರೀತಿ

ಜಾತ್ರೆಯ ಕಂಪನಿ ನಾಟಕ ನೋಡದೆ ಕನ್ನಡದ ಹಾಸ್ಯ ನಾಟಕ ನೋಡಿದ್ದು ಪೂರ್ತಿಯಾಗದು. ಬಾದಾಮಿ ಬಳಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಶುರುವಾಗುತ್ತದೆ. ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ತಗಡಿನ ಥಿಯೇಟರ್ ಕಟ್ಟಿ ಕ್ಯಾಂಪ್ ಹಾಕುತ್ತವೆ, ಜಾತ್ರೆಯ ಭರದ ದಿನಗಳಲ್ಲಿ ಒಂದೇ ರಾತ್ರಿ ಒಂದಾದ ಮೇಲೊಂದರಂತೆ ಆಟ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲೂ ಕಂಪನಿಗಳಿರುತ್ತವೆ.

ಇಲ್ಲಿ ಆ್ಯಪ್ ಇಲ್ಲ. ಥಿಯೇಟರಿನ ಮುಂದಿನ ಕಿಟಕಿಯಲ್ಲಿ ನಗದು ಕೊಟ್ಟು ಟಿಕೆಟ್ ತೆಗೆದುಕೊಳ್ಳಬೇಕು. ದರ ಮುಂದಿನ ಕುರ್ಚಿಗೊಂದು, ಹಿಂದಿನದಕ್ಕೊಂದು. ಹಿಂದಿನ ಆಟ ಬಿಡುವ ಹೊತ್ತಿಗೆ ನೂಕುನುಗ್ಗಲು ಜೋರು, ಅದಕ್ಕೆ ಅರ್ಧ ಗಂಟೆ ಮುಂಚೆಯೇ ಟಿಕೆಟ್ ಮಾಡಿಸಿ. ಗೇಟಿನಲ್ಲಿ ಹರಿದುಕೊಟ್ಟ ಅರ್ಧ ಚೀಟಿಯನ್ನು ಕೊನೆಯವರೆಗೂ ಇಟ್ಟುಕೊಳ್ಳಿ, ಮಧ್ಯಂತರದಲ್ಲಿ ಚಹಾಕ್ಕೆ ಹೊರಬಂದರೆ ಮತ್ತೆ ಒಳಬಿಡುವುದು ಅದನ್ನು ನೋಡಿಯೇ. ಪಕ್ಕದ ಕಂಪನಿಯ ಧ್ವನಿವರ್ಧಕ ಕೇಳಿಸದಷ್ಟು ಮುಂದೆ, ಆದರೆ ಇದೇ ಕಂಪನಿಯ ಪೆಟ್ಟಿಗೆಗೆ ತಾಗದಷ್ಟು ನಡುವೆ ಕುರ್ಚಿ ಹಿಡಿಯಿರಿ. ಜನವರಿಯ ರಾತ್ರಿ ಚಳಿ ಇರುತ್ತದೆ, ಶಾಲು ಬೇಕು. ಕಂಪನಿ ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತು ಧಾರಾಳ. ಚಿಕ್ಕ ಮಕ್ಕಳೊಂದಿಗೆ ಹೋಗುವವರು ಈ ಆಟ ಹೇಗಿದೆ ಎಂದು ಆಗಷ್ಟೇ ಹೊರಬರುತ್ತಿರುವ ಸಂಸಾರಸ್ಥರನ್ನು ಕೇಳಿ ನಿರ್ಧರಿಸಬಹುದು.

ಬೆಂಗಳೂರಿನ ಹೊರಗೆ

ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣದ ಭೂಮಿಗೀತ ಚಿಕ್ಕ, ಆಪ್ತ ರಂಗಮಂದಿರ. ಟಿಕೆಟ್ ಅಲ್ಲೇ ಸಿಗುತ್ತದೆ. ಮುಂಬಯಿಯವರಿಗೆ ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿಯವರಿಗೆ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘ ಕನ್ನಡ ನಾಟಕದ ಹಳೆಯ ನೆಲೆಗಳು. ವಿದೇಶದಲ್ಲಿ ಟಿಕೆಟ್ ಮಾರುವುದು ಆಯಾ ಊರಿನ ಕನ್ನಡ ಕೂಟ, ಸದಸ್ಯರಿಗೆ ದರ ಕಡಿಮೆ ಇರುವುದರಿಂದ ಸದಸ್ಯತ್ವದ ಶುಲ್ಕ ಸೇರಿಸಿ ಲೆಕ್ಕ ಹಾಕಿ ನೋಡಿ.

ನಾಟಕ ರದ್ದಾದರೆ, ನೀವೇ ಹೋಗಲಾಗದಿದ್ದರೆ

ಕೊಂಡ ಟಿಕೆಟನ್ನು ನಿಮ್ಮ ಕಾರಣಕ್ಕೆ ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಟಿಕೆಟನ್ನು ಸ್ನೇಹಿತರಿಗೆ ಕೊಟ್ಟುಬಿಡಿ. ಕ್ಯೂಆರ್ ಇದ್ದರೆ ಬಹುತೇಕ ಸಾಕು, ಕೇಳಿದರೆ ಹೇಳಲು ಬುಕಿಂಗ್ ಮಾಡಿದ ಫೋನ್ ಸಂಖ್ಯೆ ಅವರಿಗೆ ಗೊತ್ತಿರಲಿ. ಯಾರೂ ಸಿಗದಿದ್ದರೆ ತಂಡಕ್ಕೆ ಫೋನ್ ಮಾಡಿ "ನಾವು ಬರ್ತಾ ಇಲ್ಲ, ನಮ್ಮ ಜಾಗ ಬೇರೆಯವರಿಗೆ ಕೊಡಿ" ಎನ್ನಿ. ಬಾಗಿಲಲ್ಲಿ ಕಾಯುತ್ತಿರುವ ಇಬ್ಬರಿಗೆ ಆಸನ ಸಿಗುತ್ತದೆ, ಖಾಲಿ ಕುರ್ಚಿಯ ಎದುರು ಆಡುವ ಕಷ್ಟ ನಟರಿಗೂ ತಪ್ಪುತ್ತದೆ.

ನಟರ ಅನಾರೋಗ್ಯ, ಬಯಲು ರಂಗಮಂದಿರವಾದರೆ ಮಳೆ, ಇಂಥ ಕಾರಣಕ್ಕೆ ತಂಡವೇ ಪ್ರದರ್ಶನ ನಿಲ್ಲಿಸಿದರೆ ಎರಡು ಸಾಧ್ಯತೆ. ರದ್ದು ಎಂದರೆ ಟಿಕೆಟ್ ಹಣ ನೀವು ಕಟ್ಟಿದ ದಾರಿಯಲ್ಲೇ ಮರಳಬೇಕು. ಮುಂದೂಡಿಕೆ ಎಂದರೆ ಹಳೆಯ ಟಿಕೆಟ್ ಹೊಸ ದಿನಕ್ಕೆ ನಡೆಯುತ್ತದೆಯೇ, ಬೇಡವೆಂದರೆ ಹಣ ಕೊಡುತ್ತಾರೆಯೇ ಎಂದು ಬರಹದಲ್ಲೇ ಕೇಳಿಕೊಳ್ಳಿ. ಮಳೆಗಾಲದಲ್ಲಿ ಸಂಸ ಬಯಲಿನ ನಾಟಕವಿದ್ದರೆ ಮಧ್ಯಾಹ್ನ 4ರ ಹೊತ್ತಿಗೆ ತಂಡಕ್ಕೊಮ್ಮೆ ಕರೆ ಮಾಡಿ ವಿಚಾರಿಸಿಯೇ ಹೊರಡಿ. ಪ್ರದರ್ಶನ ಒಳಗಿನ ಸಭಾಂಗಣಕ್ಕೆ ಸ್ಥಳಾಂತರವಾಗಿದ್ದರೆ ಆಸನ ಕಡಿಮೆಯಾಗಿರಬಹುದು, ಆ ದಿನ ಇನ್ನೂ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು.